ತೀರ್ಥಹಳ್ಳಿಯ ಕೋವಿ ಪುಣೆಗೆ ಹೋಗಬೇಕಾದರೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಅಡಿಕೆ ತೋಟ. ನನಗೀಗ 66 ವರ್ಷ. 1994ರಿಂದ ನನ್ನ ಹೆಸರಲ್ಲಿ ಕೋವಿ ಲೈಸೆನ್ಸ್ ಇದೆ. ಒಂದು ಜೋಡಿ ನಳಿಗೆಯ ತೋಟೆ (ಕಾಟ್ರಿಜ್) ಕೋವಿ, ಇನ್ನೊಂದು ಅಪ್ಪನ ಕಾಲದ, ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಇಲ್ಲಿಯವರೆಗೆ ಒಂದು ತಕರಾರೂ ಬಂದಿಲ್ಲ. ಈಗ ತೋಟ ತಮ್ಮನ ಸುಪರ್ದಿಗೆ ಬಿಟ್ಟು, ನಾನು ಮತ್ತು ನನ್ನ ಹೆಂಡತಿ ಪುಣೆಯ ವಾಕಡ್‌ನಲ್ಲಿರುವ ಮಗಳ ಮನೆಗೆ ಹೋಗಿ ಇರಬೇಕು ಅಂತಿದ್ದೇವೆ. ಕೋವಿಗಳನ್ನು ಸಾಮಾನಿನ ಲಾರಿಯಲ್ಲೇ ಹಾಕಿ ಕಳಿಸಬಹುದೇ? ಅಲ್ಲಿ ಹೊಸ ಲೈಸೆನ್ಸ್ ಮಾಡಿಸಬೇಕೇ? ಅಳಿಯನ ಕಡೆಯವರು ಕೊಡಗಿನವರು. ಅವರು ‘ಇದಕ್ಕೆಲ್ಲ ಲೈಸೆನ್ಸೇ ಬೇಡ, ತಗೊಂಡು ಬನ್ನಿ’ ಅನ್ನುತ್ತಾರೆ. ಲೈಸೆನ್ಸಿನ ಅವಧಿ ಇನ್ನು ನಾಲ್ಕು ತಿಂಗಳಿಗೆ ಮುಗಿಯುತ್ತದೆ. ಏನು ಮಾಡಲಿ?

ಉತ್ತರ: ನಮಸ್ಕಾರ. ಹೊರಡುವ ಮುಂಚೆಯೇ ಕೇಳಿದಿರಿ, ಅದೇ ಸಮಾಧಾನ. ನಾನು ಡಿ.ಸಿ. ಕಚೇರಿಯ ಮ್ಯಾಜಿಸ್ಟ್ರೇಟ್ ಶಾಖೆಯಲ್ಲಿ ಕೋವಿ ಲೈಸೆನ್ಸಿನ ಕಡತಗಳನ್ನು ನೋಡಿಕೊಂಡು ಬಹಳ ವರ್ಷ ಕೆಲಸ ಮಾಡಿದವನು. ನಮ್ಮ ಮೇಜಿನ ಮುಂದೆ ಬಂದು ಕಣ್ಣೀರು ಹಾಕಿದವರಲ್ಲಿ ಜಾಸ್ತಿ ಜನ ಕೆಟ್ಟವರಲ್ಲ. ಕೋವಿ ಮೊದಲು ಒಯ್ದು, ಕಾಗದ ಆಮೇಲೆ ಮಾಡಿಸೋಣ ಅಂದುಕೊಂಡವರು. ನೀವು ಅದನ್ನು ತಿರುಗಿಸಿ ಮಾಡಿ. ಮೊದಲು ನೀವು ಹೋಗಿ. ನಿಮ್ಮ ಹಿಂದೆ ಕಾಗದ ಬರಲಿ. ಕೋವಿ ಕೊನೆಗೆ.

ಲಾರಿಯ ಮಾತು ಮೊದಲು ಮುಗಿಸುತ್ತೇನೆ. ಬೇಡವೇ ಬೇಡ. ಲೈಸೆನ್ಸ್ ಇರುವುದು ನಿಮ್ಮ ಹೆಸರಿಗೆ, ನಿಮ್ಮ ಮನೆಗಲ್ಲ. ಬೀರುವಿನ ಜೊತೆ ಕೋವಿಯೂ ಲಾರಿ ಹತ್ತಿತು ಅಂದರೆ, ದಾರಿಯುದ್ದಕ್ಕೂ ಅದು ಲೈಸೆನ್ಸ್ ಇಲ್ಲದ ಡ್ರೈವರ್ ಮತ್ತು ಕ್ಲೀನರ್ ಕೈಯಲ್ಲಿ ಇದ್ದ ಹಾಗೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಂನಲ್ಲಿ ಸಣ್ಣದೊಂದು ವಿನಾಯಿತಿ ಇದೆ. ಲೈಸೆನ್ಸುದಾರ ಜೊತೆಗಿದ್ದರೆ, ಅಥವಾ ಬರೆದು ಕೊಟ್ಟಿದ್ದರೆ, ರಿಪೇರಿಗೋ ನವೀಕರಣಕ್ಕೋ ಅವನ ಬಳಕೆಗೋ ಇನ್ನೊಬ್ಬ ಕೋವಿ ಹೊತ್ತುಕೊಂಡು ಹೋಗಬಹುದು. ಮನೆ ಸಾಮಾನು ಸಾಗಿಸುವವರು ಇದರಲ್ಲಿ ಬರುವುದಿಲ್ಲ. ಲಾರಿಯನ್ನು ತಪಾಸಣೆಗೆ ನಿಲ್ಲಿಸಿದರೆ ಆ ಹುಡುಗರ ಮೇಲೆ ಕೇಸು ಬೀಳುತ್ತದೆ. 2019ರ ತಿದ್ದುಪಡಿಯ ಮೇಲೆ, ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ ಕಡಿಮೆ ಅಂದರೆ 2 ವರ್ಷ, ಜಾಸ್ತಿ ಅಂದರೆ 5 ವರ್ಷ ಜೈಲು. ಹೊಟ್ಟೆಪಾಡಿಗೆ ಸಾಮಾನು ಹೊರುವ ಹುಡುಗನಿಗೆ ಇದು ಬರಬಾರದು ಅಲ್ವಾ?

ಈಗ ನಿಮ್ಮ ಲೈಸೆನ್ಸ್ ಪುಸ್ತಕ ತೆಗೆಯಿರಿ. ಬೆಳಕಿರುವ ಕಡೆ ಕೂತು, ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿ. ಲೈಸೆನ್ಸ್ ಎಲ್ಲಿಯವರೆಗೆ ಸಲ್ಲುತ್ತದೆ ಎಂದು ಒಂದು ಕಾಲಂನಲ್ಲಿ ಬರೆದಿರುತ್ತಾರೆ. ಕೆಲವದರಲ್ಲಿ ಜಿಲ್ಲೆಯ ಹೆಸರು ಮಾತ್ರ ಇರುತ್ತದೆ, ಕೆಲವದರಲ್ಲಿ ‘ಕರ್ನಾಟಕ ರಾಜ್ಯ’ ಎಂದಿರುತ್ತದೆ. ಇಡೀ ಭಾರತಕ್ಕೆ ಸಲ್ಲುವುದು ನಮ್ಮಂಥ ಸಾಮಾನ್ಯರಿಗೆ ಸುಲಭಕ್ಕೆ ಸಿಗುವುದಿಲ್ಲ. ನಿಮ್ಮದರಲ್ಲಿ ಜಿಲ್ಲೆ ಅಥವಾ ಕರ್ನಾಟಕ ಎಂದಿದ್ದರೆ ನಿಪ್ಪಾಣಿ ದಾಟಿ ಕೊಗನೊಳ್ಳಿ ಟೋಲ್ ಹತ್ತಿರ ಗಡಿ ಬಂದ ಕೂಡಲೇ ಆ ಪುಸ್ತಕದ ಬಲ ಮುಗಿಯಿತು. ಕೋವಿ ನಿಮ್ಮದೇ, ಪುಸ್ತಕ ನಿಮ್ಮದೇ, ಆದರೂ ಮಹಾರಾಷ್ಟ್ರದ ಪೊಲೀಸರ ಮುಂದೆ ನೀವು ಷರತ್ತು ಮುರಿದವರು. ಷರತ್ತು ಮುರಿದರೆ 30ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲಾಗಬಹುದು. ಅವರು ಅದನ್ನು ಲೈಸೆನ್ಸೇ ಇಲ್ಲದ ಕೋವಿ ಎಂದು ನೋಡಿದರೆ 25ನೇ ಕಲಂ ಹಾಕುತ್ತಾರೆ, ಆಗ ಮೇಲೆ ಹೇಳಿದ 2 ವರ್ಷದ ಲೆಕ್ಕ ಶುರು. ಕೊನೆಗೆ ಕೋರ್ಟಿನಲ್ಲಿ ಬಿಡುಗಡೆ ಆದರೂ ಅಷ್ಟರಲ್ಲಿ ಕೋವಿ ಠಾಣೆಯ ಮೂಲೆಯಲ್ಲಿ ತುಕ್ಕು ಹಿಡಿದಿರುತ್ತದೆ. 17ನೇ ಕಲಂ ಅಡಿ ಲೈಸೆನ್ಸೂ ರದ್ದಾಗಬಹುದು.

ಅದೇ ಪುಸ್ತಕದಲ್ಲಿ ಯುಐಎನ್ ನಂಬರ್ ಇದೆಯೇ ನೋಡಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ದೇಶದ ಎಲ್ಲ ಲೈಸೆನ್ಸುಗಳೂ ಒಂದೇ ಕಂಪ್ಯೂಟರ್ ದಾಖಲೆಯಲ್ಲಿ ಇರಬೇಕು. ಅಲ್ಲಿ ನಿಮಗೆ ಸಿಗುವ ಗುರುತಿನ ಸಂಖ್ಯೆಯೇ ಯುಐಎನ್. ಅದಿಲ್ಲದ ಲೈಸೆನ್ಸ್ ಸಲ್ಲುವುದಿಲ್ಲ. ಊರಲ್ಲಿ ಎಲ್ಲರ ಪರಿಚಯ ಇರುವಾಗ ಇದರ ಬಿಸಿ ತಟ್ಟುವುದಿಲ್ಲ. ಬೇರೆ ರಾಜ್ಯದ ಅಧಿಕಾರಿ ಮಾತ್ರ ನಿಮ್ಮ ಮುಖ ನೋಡುವುದಿಲ್ಲ, ಪರದೆ ನೋಡುತ್ತಾರೆ. ಪರದೆಯಲ್ಲಿ ನೀವು ಇಲ್ಲದಿದ್ದರೆ ಮುಂದಿನ ಯಾವ ಮಾತೂ ಇಲ್ಲ.

ಆಮೇಲೆ ಕೋವಿಯ ನಂಬರ್. ಇದನ್ನು ದಯವಿಟ್ಟು ಉದಾಸೀನ ಮಾಡಬೇಡಿ. ಜೋಡಿ ನಳಿಗೆಯ ಕೋವಿಯನ್ನು ಮಡಚಿ ತೆರೆದು, ಎರಡೂ ನಳಿಗೆ ಖಾಲಿ ಇದೆಯೇ ಎಂದು ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ನಳಿಗೆಯನ್ನು ಬಿಚ್ಚಿ. ಹಿಂದಿನ ತುದಿಯ ಅಡಿಭಾಗದಲ್ಲಿ, ಬೀಗ ಕೂರುವ ಜಾಗದ ಹತ್ತಿರ ಅಂಕಿಗಳನ್ನು ಒತ್ತಿರುತ್ತಾರೆ. ಮಲೆನಾಡಿನ ಮಳೆಗಾಲಕ್ಕೆ ಅಲ್ಲಿ ಕಪ್ಪು ಕಿಲುಬು ಕೂತಿರುತ್ತದೆ. ಬಟ್ಟೆಗೆ ಒಂದು ಹನಿ ಎಣ್ಣೆ ಹಾಕಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದರೆ ಅಂಕಿ ಎದ್ದು ಕಾಣುತ್ತದೆ. ಪುಸ್ತಕದಲ್ಲಿರುವುದಕ್ಕೂ ಅದಕ್ಕೂ ಒಂದೊಂದೇ ಅಂಕಿ ತಾಳೆ ನೋಡಿ. ನಾನು ಕೆಲಸದಲ್ಲಿದ್ದಾಗ ಒಬ್ಬ ಹಿರಿಯರು ಬಂದಿದ್ದರು. ಕೋವಿಯ ಮೇಲೆ 8 ಇತ್ತು, ಪುಸ್ತಕದಲ್ಲಿ 3. ಮೂವತ್ತು ವರ್ಷದ ಹಿಂದೆ ಯಾರೋ ಗುಮಾಸ್ತರು ಅರ್ಧ ಅಳಿಸಿದ ಅಂಕಿಯನ್ನು ಹಾಗೆ ಓದಿ ಬರೆದಿದ್ದರು. ಪ್ರತಿ ನವೀಕರಣದಲ್ಲೂ ಅದೇ ತಪ್ಪು ಹೊಸ ಪುಟಕ್ಕೆ ಹೋಗಿತ್ತು. ಕಂಪ್ಯೂಟರಿಗೆ ಏರಿಸುವಾಗಲೂ ಹಾಗೆಯೇ ಹೋಯಿತು. ಅವರು ಬೇರೆ ರಾಜ್ಯಕ್ಕೆ ವರ್ಗಾವಣೆ ಕೇಳಿದಾಗ ಅಲ್ಲಿಯವರು ಕೋವಿ ತಂದು ತೋರಿಸಿ ಅಂದರು, ತೋರಿಸಿದರು. ‘ಇದು ಈ ಲೈಸೆನ್ಸಿನ ಕೋವಿಯೇ ಅಲ್ಲವಲ್ಲ’ ಎಂದುಬಿಟ್ಟರು. ಸರಿ ಮಾಡಿಸಲು ಹಿರಿಯರು ಎರಡು ರಾಜ್ಯಗಳ ನಡುವೆ ಎಷ್ಟು ಓಡಾಡಿದರು ಎಂದು ನನಗೆ ಗೊತ್ತು. ಅವರ ಕಡತವನ್ನು ನಾನೇ ನೋಡುತ್ತಿದ್ದೆ. ನಂಬರ್ ತಪ್ಪಿದ್ದರೆ ತಿದ್ದಿಸಬೇಕಾದ್ದು ಇಲ್ಲಿ, ನಿಮ್ಮ ಹಳೇ ಕಡತ ಇರುವ ಕಚೇರಿಯಲ್ಲೇ.

ಪುಸ್ತಕದಲ್ಲಿ ‘ಡಿಬಿಬಿಎಲ್’ ಎಂದಿರುವುದು ನಿಮ್ಮ ಜೋಡಿ ನಳಿಗೆಯ ತೋಟೆ ಕೋವಿ, ‘ಎಸ್‌ಬಿಎಂಎಲ್’ ಎಂದಿರುವುದು ಕೇಪಿನ ಕೋವಿ. ಎರಡೂ ಸೇರಿ ಎರಡು ಬಂದೂಕು. ಇಲ್ಲಿ ತೊಂದರೆ ಇಲ್ಲ. 2019ರವರೆಗೆ ಒಬ್ಬರು ಮೂರು ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ. ಬೀರುವಿನ ಹಿಂದೆ ಅಜ್ಜನ ಮೂರನೆಯದು ಎಲ್ಲಾದರೂ ಉಳಿದಿದ್ದರೆ ಅದನ್ನು ಈಗಲೇ ಕಚೇರಿಗೆ ತಿಳಿಸಿ ದಾರಿ ಕೇಳಿ.

ಇನ್ನು ಮುಖ್ಯವಾದ ಮಾತು. ಈ ಎರಡು ಕೋವಿಗಳನ್ನು ನೀವು ಒಂದೇ ಕಣ್ಣಿಂದ ನೋಡಬಾರದು.

ಕೇಪಿನ ಕೋವಿಯ ಲೈಸೆನ್ಸ್ ನಮ್ಮ ಕಡೆ ಸಿಗುವುದೇ ಬೆಳೆ ಕಾಯಲು. ಕಾಯ್ದೆಯ 13ನೇ ಕಲಂನಲ್ಲೇ ಅದು ಸ್ಪಷ್ಟವಾಗಿದೆ. ಬೆಳೆ ರಕ್ಷಣೆಗೆ ನಿಜವಾಗಿ ಬೇಕು ಎಂದು ಕೇಳಿದವರಿಗೆ ಬಾಯಿಯಿಂದ ಮದ್ದು ತುಂಬುವ ಕೋವಿ, ರಕ್ಷಣೆಗೋ ಕ್ರೀಡೆಗೋ ಕೇಳಿದವರಿಗೆ ನಳಿಗೆ 20 ಇಂಚಿಗಿಂತ ಕಡಿಮೆ ಇಲ್ಲದ ನಯ ನಳಿಗೆಯ (ಒಳಗೆ ಸುರುಳಿ ಗೀರು ಇಲ್ಲದ) ಬಂದೂಕು. ನಿಮ್ಮ ತೋಟಕ್ಕೆ ಮಂಗ, ಹಂದಿ ಬರುತ್ತವೆ ಎಂದು ಆ ಕಾಗದ ಹುಟ್ಟಿದೆ. ವಾಕಡ್‌ನ ಫ್ಲಾಟಿನಲ್ಲಿ ಯಾವ ಬೆಳೆ? ಅಲ್ಲಿಯ ಅಧಿಕಾರಿ ಕೇಳುವ ಮೊದಲ ಪ್ರಶ್ನೆಯೇ ಇದು, ಕೇಳುವುದು ಸರಿ ಕೂಡ. ಲೈಸೆನ್ಸ್ ನಿಂತಿರುವುದು ಕಾರಣದ ಮೇಲೆ. ಕಾರಣ ತೀರ್ಥಹಳ್ಳಿಯಲ್ಲೇ ಉಳಿದ ಮೇಲೆ ಬರೀ ಕೋವಿ ಪುಣೆಗೆ ಹೋಗಿ ಏನು ಮಾಡುತ್ತದೆ?

ಹಾಗಾಗಿ ಕೇಪಿನ ಕೋವಿ ತೋಟದ ಜೊತೆ ಉಳಿಯಲಿ ಎಂಬುದು ನನ್ನ ಅಭಿಪ್ರಾಯ. ತೋಟ ನೋಡಿಕೊಳ್ಳುವವರು ನಿಮ್ಮ ತಮ್ಮ ತಾನೇ? ಅವರ ಹೆಸರಲ್ಲಿ ಲೈಸೆನ್ಸ್ ಇಲ್ಲದಿದ್ದರೆ ಬೆಳೆ ರಕ್ಷಣೆಗೆಂದು ಈಗಲೇ ಅರ್ಜಿ ಹಾಕಲಿ. ಅವರಿಗೆ ಲೈಸೆನ್ಸ್ ಬಂದ ಮೇಲೆ ನೀವು ಕೋವಿ ಹಸ್ತಾಂತರ ಮಾಡಬಹುದು. ಖಾಸಗಿಯಾಗಿ ಮಾರುವುದಾದರೂ ಕೊಡುವುದಾದರೂ ಮೊದಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಬೇಕು, ತಿಳಿಸಿ 45 ದಿನ ಕಾಯಬೇಕು. ‘ತಮ್ಮನೇ ಅಲ್ವಾ, ಮನೆಯಲ್ಲೇ ಇರಲಿ ಬಿಡು’ ಅಂತ ಸುಮ್ನೆ ಗೋಡೆಗೆ ತೂಗುಹಾಕಿ ಹೋಗಬೇಡಿ. ನಮ್ಮ ಕಡೆ ಬಹಳ ಜನ ಮಾಡುವ ತಪ್ಪು ಇದೇ. ನೀವು ಪುಣೆಯಲ್ಲಿ ಇರುವಾಗ ಆ ಕೋವಿ ತಮ್ಮನ ಕೈಯಲ್ಲಿದ್ದರೆ, ಕಾನೂನಿನ ಕಣ್ಣಿಗೆ ಅದು ಲೈಸೆನ್ಸ್ ಇಲ್ಲದವರ ಕೈಯಲ್ಲಿರುವ ಕೋವಿ. ಅವರ ಲೈಸೆನ್ಸ್ ಬರುವ ತನಕ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಡಿ. ಚುನಾವಣೆ ಬಂದಾಗಲೆಲ್ಲ ಠೇವಣಿ ಇಟ್ಟು ಅಭ್ಯಾಸ ಇದೆಯಲ್ಲ, ಅದೇ ರೀತಿ. ರಸೀದಿಯಲ್ಲಿ ಕೋವಿಯ ನಂಬರ್, ತಾರೀಕು, ಸಹಿ, ಮೊಹರು ಇರಬೇಕು.

ಜೋಡಿ ನಳಿಗೆಯದು ಬೇರೆ ವಿಷಯ. ಅದು ಸ್ವಂತ ರಕ್ಷಣೆಗೆ ಎಂದು ಇದ್ದರೆ ವರ್ಗಾವಣೆಗೆ ದಾರಿ ಇದೆ. ಹೊಸ ಲೈಸೆನ್ಸ್ ಮಾಡಿಸಬೇಕಿಲ್ಲ, ಇರುವ ಲೈಸೆನ್ಸೇ ಹೊಸ ಊರಿನ ಅಧಿಕಾರಿಯ ಕೈಗೆ ಹೋಗುತ್ತದೆ. ಮನೆ ಬದಲಿಸಿ ಕೋವಿಯನ್ನೂ ಒಯ್ದರೆ 30 ದಿನದ ಒಳಗೆ ಹಳೇ ಅಧಿಕಾರಿಗೂ ಹೊಸ ಅಧಿಕಾರಿಗೂ, ಇಬ್ಬರಿಗೂ ತಿಳಿಸಬೇಕು. ಹೊಸ ಕಡೆಯವರು ಕೇಳಿದಾಗ ಪುಸ್ತಕವನ್ನೂ ಕೋವಿಯನ್ನೂ ತೋರಿಸಬೇಕು. ಅವರು ಹೊಸ ವಿಳಾಸ ದಾಖಲಿಸಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ನವೀಕರಣ ಎಲ್ಲ ಅವರ ಹತ್ತಿರವೇ.

ಈ 30 ದಿನ ಎಂಬ ಮಾತು ಕೇಳಿ ಕೆಲವರು ‘ಹಾಗಾದರೆ ಮೊದಲು ಒಯ್ಯಬಹುದು, ತಿಂಗಳೊಳಗೆ ತಿಳಿಸಿದರೆ ಸಾಕು’ ಎಂದುಕೊಳ್ಳುತ್ತಾರೆ. ಅದು ನಿಮ್ಮ ಲೈಸೆನ್ಸ್ ಆ ರಾಜ್ಯದಲ್ಲಿ ಸಲ್ಲುವುದಾದರೆ ಮಾತ್ರ. ಶಿವಮೊಗ್ಗದಿಂದ ಹಾಸನಕ್ಕೆ ಮನೆ ಬದಲಿಸುವವರ ಪುಸ್ತಕದಲ್ಲಿ ‘ಕರ್ನಾಟಕ’ ಎಂದಿದ್ದರೆ ಈ ಲೆಕ್ಕ ಸರಿ. ರಾಜ್ಯದ ಗಡಿ ದಾಟುವವರು ಮೊದಲು ಲೈಸೆನ್ಸಿನ ವ್ಯಾಪ್ತಿ ವಿಸ್ತರಿಸಿಕೊಳ್ಳಬೇಕು, ಇಲ್ಲವೇ ಆ ಪ್ರಯಾಣಕ್ಕೆ ಲಿಖಿತ ಅನುಮತಿ ಪಡೆಯಬೇಕು. ಬಾಯಿಮಾತಿನ ‘ಆಯ್ತು, ಹೋಗಿ ಬನ್ನಿ’ ಟೋಲ್ ಹತ್ತಿರ ಕೆಲಸಕ್ಕೆ ಬರುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಹೀಗೆ ಮಾಡುತ್ತಿದ್ದೆ. ಹೊರಡುವ ಮುಂಚೆ ಡಿ.ಸಿ. ಕಚೇರಿಗೆ ಒಂದು ಅರ್ಜಿ. ಇಂಥ ದಿನದಿಂದ ಇಂಥ ವಿಳಾಸಕ್ಕೆ ಮನೆ ಬದಲಿಸುತ್ತಿದ್ದೇನೆ, ಲೈಸೆನ್ಸ್ ವರ್ಗಾವಣೆಗೆ ನಿರಾಕ್ಷೇಪಣಾ ಪತ್ರ ಬೇಕು, ಕೋವಿಯನ್ನು ನಾನೇ ಒಯ್ಯಲು ಅನುಮತಿ ಬೇಕು ಎಂದು. ಕೇಂದ್ರ ಗೃಹ ಇಲಾಖೆಯ ಎನ್‌ಡಿಎಎಲ್-ಎಎಲ್‌ಐಎಸ್ ಎಂಬ ಜಾಲತಾಣದಲ್ಲಿ ಅರ್ಜಿ ಹಾಕುವ ವ್ಯವಸ್ಥೆ ಇದೆ. ಹಾಕಿದ ಮೇಲೆ ಅದರ ಪ್ರತಿ ಹಿಡಿದುಕೊಂಡು ಶಾಖೆಗೂ ಒಮ್ಮೆ ಹೋಗಿ ಬನ್ನಿ. ಕಂಪ್ಯೂಟರಿನಲ್ಲಿ ಬಂದ ಅರ್ಜಿಗೆ ಹಳೇ ಕಡತ ಹುಡುಕಿ ಜೋಡಿಸುವುದು ಮನುಷ್ಯರೇ. 1994ರ ಕಡತ ಯಾವ ಕಟ್ಟಿನಲ್ಲಿದೆಯೋ! ನಿಮ್ಮ ಹಳೇ ನವೀಕರಣದ ಚಲನ್‌ಗಳು, ಮೊದಲ ಮಂಜೂರಾತಿ ಆದೇಶದ ಪ್ರತಿ ಇದ್ದರೆ ಒಯ್ಯಿರಿ. ಅದರಲ್ಲಿರುವ ಕಡತ ಸಂಖ್ಯೆ ನೋಡಿದರೆ ಅವರಿಗೆ ಅರ್ಧ ಕೆಲಸ ಮುಗಿದಂತೆ.

ಆಮೇಲೆ ಜೋಡಿ ನಳಿಗೆಯನ್ನೂ ಇಲ್ಲೇ ಠೇವಣಿ ಇಟ್ಟು, ಬರಿಗೈಯಲ್ಲಿ ಪುಣೆಗೆ ಹೋಗುತ್ತಿದ್ದೆ. ಅಲ್ಲಿ ವಿಳಾಸದ ದಾಖಲೆ ಬೇಕಲ್ಲ, ಆಧಾರ್ ವಿಳಾಸ ಬದಲಿಸಿಕೊಳ್ಳುವುದು, ಮಗಳ ಮನೆಯ ಕಾಗದಪತ್ರ ಜೋಡಿಸುವುದು ಆಗಲಿ. ವಾಕಡ್ ಬರುವುದು ಪಿಂಪ್ರಿ-ಚಿಂಚ್‌ವಾಡ್ ಪೊಲೀಸ್ ಕಮಿಷನರೇಟಿಗೆ, ಪುಣೆ ನಗರದ ಕಮಿಷನರ್ ಕಚೇರಿಗಲ್ಲ. ನಮ್ಮಲ್ಲಿ ಬೆಂಗಳೂರಿಗೆ ಪೊಲೀಸ್ ಕಮಿಷನರ್, ನಿಮ್ಮ ಶಿವಮೊಗ್ಗಕ್ಕೆ ಡಿ.ಸಿ. ಇದ್ದ ಹಾಗೆ ಅಲ್ಲೂ ಕಮಿಷನರೇಟಿನ ಜಾಗಕ್ಕೆ ಕಮಿಷನರ್, ಹೊರಗಿನ ಹಳ್ಳಿಗಳಿಗೆ ಜಿಲ್ಲಾಧಿಕಾರಿ. ತಪ್ಪು ಬಾಗಿಲು ತಟ್ಟಿದರೆ ತಿಂಗಳುಗಟ್ಟಲೆ ಹಾಳು. ಸರಿಯಾದ ಕಚೇರಿಯಲ್ಲಿ ಅರ್ಜಿ ಕೊಟ್ಟು, ಅವರಿಗೆ ಯಾವ ಕಾಗದ ಬೇಕೋ ಕೇಳಿಕೊಳ್ಳಿ. ಸ್ಥಳೀಯ ಠಾಣೆಯವರು ಮನೆಗೆ ಬಂದು ವಿಚಾರಿಸುತ್ತಾರೆ. ನಿಮ್ಮ ಹಳೇ ಠಾಣೆಯಿಂದಲೂ ವರದಿ ತರಿಸಿಕೊಳ್ಳಬಹುದು. ಅವರ ಕಡೆಯಿಂದ ಒಪ್ಪಿಗೆ ಬಂದು, ದಾರಿಯ ಅನುಮತಿಯೂ ಕೈಗೆ ಸಿಕ್ಕ ಮೇಲೆ ಊರಿಗೆ ಬಂದು ಕೋವಿ ಬಿಡಿಸಿಕೊಂಡು ಹೋಗುವುದು. ಒಂದು ಓಡಾಟ ಜಾಸ್ತಿ ಆಗುತ್ತದೆ, ನಿಜ. ಆದರೆ ಅಲ್ಲಿಯವರು ‘ಆಗಲ್ಲ’ ಅಂದರೂ ಕೋವಿ ಭದ್ರವಾಗಿ ಇಲ್ಲೇ ಇರುತ್ತದೆ, ನೀವು ಅಪರಾಧಿ ಆಗುವುದಿಲ್ಲ. ಅವರ ಆದೇಶದ ವಿರುದ್ಧ 18ನೇ ಕಲಂ ಅಡಿ ಮೇಲ್ಮನವಿ ಹೋಗಲು ನಿಮಗೆ ನೆಲೆಯೂ ಇರುತ್ತದೆ.

ಕೋವಿ ಒಯ್ಯುವ ದಿನದ ಬಗ್ಗೆ. ಸ್ವಂತ ಕಾರು ಒಳ್ಳೆಯದು. ಕೋವಿಯನ್ನು ನಳಿಗೆ, ಅದರ ಕೆಳಗಿನ ಮರ, ಹಿಂದಿನ ಮರ ಹೀಗೆ ಮೂರು ಭಾಗ ಬಿಚ್ಚಿ, ಬೀಗ ಹಾಕುವ ಪೆಟ್ಟಿಗೆಯಲ್ಲಿಡಿ. ತೋಟೆಗಳು ಬೇರೆ ಪೆಟ್ಟಿಗೆಯಲ್ಲಿ, ಅದಕ್ಕೂ ಬೀಗ. ಎರಡನ್ನೂ ಡಿಕ್ಕಿಯಲ್ಲಿ ಇಟ್ಟು, ಮೂಲ ಪುಸ್ತಕ ಮತ್ತು ಅನುಮತಿ ಪತ್ರ ನಿಮ್ಮ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ತಪಾಸಣೆಗೆ ನಿಲ್ಲಿಸಿದರೆ ಅವರು ಡಿಕ್ಕಿ ತೆಗೆಯುವ ಮುಂಚೆ ನೀವೇ ಹೇಳಿ: ‘ನನ್ನ ಹತ್ತಿರ ಲೈಸೆನ್ಸ್ ಇರುವ ಕೋವಿ ಇದೆ, ಪೆಟ್ಟಿಗೆಯಲ್ಲಿದೆ, ಕಾಗದ ಇಲ್ಲಿದೆ.’ ಈ ಒಂದು ಮಾತಿನಿಂದ ಅರ್ಧ ಗಾಬರಿ ಇಳಿಯುತ್ತದೆ, ಅವರದೂ ನಿಮ್ಮದೂ. ಪತ್ರದ ಜೊತೆ ಇಂಗ್ಲಿಷ್ ಪ್ರತಿ ಇರಲಿ, ಗಡಿಯಾಚೆಯ ಪೊಲೀಸರಿಗೆ ಕನ್ನಡದ ಆದೇಶ ಓದಲು ಬರುವುದಿಲ್ಲ. ಬೆಳಿಗ್ಗೆ ಬೇಗ ಹೊರಟು ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ ಹಾದು ಅದೇ ದಿನ ತಲುಪಿ. ರಾತ್ರಿ ಲಾಡ್ಜಿನಲ್ಲಿ ಉಳಿಯುವ ಹಾಗಾದರೆ ಕೋವಿಯನ್ನು ಕಾರಿನಲ್ಲಿ ಬಿಡಬಾರದು. ಪೆಟ್ಟಿಗೆ ನಿಮ್ಮ ಜೊತೆ ಕೋಣೆಗೆ ಬರಲಿ. ಊಟಕ್ಕೆ ನಿಲ್ಲಿಸಿದಾಗಲೂ ಒಬ್ಬರು ಕಾರಿನ ಹತ್ತಿರ ಇರಬೇಕು, ಆ ಒಬ್ಬರು ನೀವೇ ಆಗಿದ್ದರೆ ಒಳ್ಳೆಯದು.

ವಿಮಾನದಲ್ಲಿ ಒಯ್ಯಬಹುದೇ ಎಂದು ಕೆಲವರು ಕೇಳುತ್ತಾರೆ. ಆಗುತ್ತದೆ, ಆದರೆ ಕೈಚೀಲದಲ್ಲಲ್ಲ. ಕಂಪನಿಗೆ ಮೊದಲೇ ತಿಳಿಸಿ, ಕೌಂಟರಿನಲ್ಲಿ ಘೋಷಿಸಿ, ಖಾಲಿ ಕೋವಿಯನ್ನು ಲಗೇಜಿಗೆ ಹಾಕಬೇಕು. ತೋಟೆ ಸಾಮಾನ್ಯವಾಗಿ 50ಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಕೇಪಿನ ಕೋವಿಯ ಸಡಿಲ ಮದ್ದು ಹತ್ತಿರಕ್ಕೂ ಸೇರಿಸುವುದಿಲ್ಲ.

ತೋಟೆಯ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ಮನೆ ಖಾಲಿ ಮಾಡುವಾಗ ಹಳೇ ಕೋಟಿನ ಜೇಬು, ಬೇಟೆಯ ಕಾಲದ ಚರ್ಮದ ಚೀಲ, ಕಪಾಟಿನ ಡ್ರಾಯರ್ ಎಲ್ಲವನ್ನೂ ಒಂದೊಂದೇ ತಡವಿ ನೋಡಿ. ಮರೆತು ಉಳಿದ ಒಂದೇ ಒಂದು ತೋಟೆ ಬೆಂಗಳೂರಿನ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಾಣಿಸಿ, ಮಗಳ ಮದುವೆಗೆ ಹೊರಟವರು ಠಾಣೆಯಲ್ಲಿ ಕೂತ ಪ್ರಕರಣ ನನಗೆ ಗೊತ್ತು. ಅರಿವಿದ್ದು ಇಟ್ಟುಕೊಂಡಿದ್ದರೆ ಮಾತ್ರ ಅಪರಾಧ ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಗುನ್ವಂತಲಾಲ್ ಪ್ರಕರಣದಲ್ಲಿ ವಿವರಿಸಿದೆ. ಆದರೆ ಅರಿವಿರಲಿಲ್ಲ ಎಂದು ತೋರಿಸಲು ನೀವು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಗಬಹುದು. ಮಳೆಗಾಲದ ತೇವ ಕುಡಿದು ಉಬ್ಬಿದ ತೋಟೆಗಳಿದ್ದರೆ, ಹಿತ್ತಾಳೆಯ ಬುಡ ಹಸಿರುಗಟ್ಟಿದ್ದರೆ, ಅವನ್ನು ಪುಣೆಗೆ ಒಯ್ಯಬೇಡಿ. ಬಾವಿಗೆ ಎಸೆಯಬೇಡಿ, ತೋಟದಲ್ಲಿ ಹೂಳಬೇಡಿ. ಲೈಸೆನ್ಸ್ ಇರುವ ಅಂಗಡಿಗೆ ಕೊಟ್ಟು ರಸೀದಿ ತಗೊಳ್ಳಿ, ಲೆಕ್ಕ ಪುಸ್ತಕಕ್ಕೆ ಹೊಂದಬೇಕು. ಕೇಪಿನ ಕೋವಿಯ ಮದ್ದು ಮತ್ತು ಕೇಪು ಕೂಡ ಇಲ್ಲೇ ಉಳಿಯಲಿ.

ಈಗ ನಿಮ್ಮ ಬೀಗರ ಮಾತಿಗೆ ಬರುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲ, ಅವರ ಮಟ್ಟಿಗೆ ಅದು ನಿಜ. ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಜಮೀನು ಪದ್ಧತಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. 1861ರಲ್ಲಿ ಮೈಸೂರು-ಕೊಡಗಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಿಂದ ಬಂದದ್ದು ಅದು. ಮಗು ಹುಟ್ಟಿದಾಗ, ಸಾವಾದಾಗ ಗುಂಡು ಹಾರಿಸುವ, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡುವ, ಪುತ್ತರಿ ಹಬ್ಬದಲ್ಲಿ ಕದಿರು ಕೊಯ್ಯುವ ಮುನ್ನ ಗುಂಡಿನ ಸದ್ದು ಕೇಳುವ ನಾಡು ಅದು. ಕೋವಿ ಅವರ ಬದುಕಿನೊಳಗೇ ಇದೆ, ಆ ಗೌರವ ನನಗೂ ಇದೆ. ಕೇಂದ್ರ ಸರಕಾರ 2019ರಲ್ಲಿ ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಇದು ಆ ಸಮುದಾಯಕ್ಕೆ ಮತ್ತು ಆ ಹಿಡುವಳಿಗೆ ಸೇರಿದ ಹಕ್ಕು. ಸಂಬಂಧ ಬೆಳೆಸಿದ್ದರಿಂದ ನಿಮಗೆ ಬರುವುದಿಲ್ಲ. ನಿಮ್ಮ ಮಗಳಿಗೆ ಬರುತ್ತದೆಯೇ ಎಂಬುದನ್ನೂ ಬೀಗರ ಮಾತಿನ ಮೇಲೆ ತೀರ್ಮಾನ ಮಾಡಬೇಡಿ, ಮಡಿಕೇರಿಯ ಡಿ.ಸಿ. ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ. ವಿನಾಯಿತಿ ಇರುವವರು ಕೂಡ ಕೊಡಗಿನ ಹೊರಗೆ ಹೋದಾಗ ಒಂದು ರೈಫಲ್ ಮತ್ತು ಒಂದು ನಯ ನಳಿಗೆಯ ಕೋವಿಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ವಿನಾಯಿತಿ ಪತ್ರದ ಮೂಲ ಪ್ರತಿ ಜೊತೆಗಿರಬೇಕು, ಯಾಕೆಂದರೆ ಸಾತಾರಾದ ಹವಾಲ್ದಾರರಿಗೆ ಜಮ್ಮಾ ಎಂದರೆ ಏನು ಅಂತ ಗೊತ್ತಿರುವುದಿಲ್ಲ.

ಪುಣೆಗೆ ಕೋವಿ ಬಂದ ಮೇಲೆ ಫ್ಲಾಟಿನಲ್ಲಿ ಅದನ್ನು ಇಡುವ ಜಾಗ ಮೊದಲೇ ಯೋಚಿಸಿ. ಗೋಡೆಗೆ ತೂಗುಹಾಕುವ ಅಭ್ಯಾಸ ಇಲ್ಲಿಗೇ ಬಿಡಿ. ಗೋಡೆಗೆ ಬೋಲ್ಟ್ ಹಾಕಿ ನಿಲ್ಲಿಸಿದ ಕಬ್ಬಿಣದ ಬೀರು, ಕೀಲಿ ನಿಮ್ಮ ಹತ್ತಿರ ಮಾತ್ರ. ಮೊಮ್ಮಕ್ಕಳಿದ್ದರೆ ತೋಟೆ ಬೇರೆ ಕೋಣೆಯ ಬೇರೆ ಬೀಗದಲ್ಲಿರಲಿ. ಮಕ್ಕಳು ಅಜ್ಜನ ಕೀಲಿ ಎಲ್ಲಿರುತ್ತದೆ ಎಂದು ಒಂದು ವಾರದಲ್ಲಿ ಪತ್ತೆ ಹಚ್ಚುತ್ತಾರೆ. ನೀವು ಆರು ತಿಂಗಳು ಬೇರೆ ಮಕ್ಕಳ ಮನೆಗೆ ಹೋಗುವುದಾದರೆ ಹೆಂಡತಿಯ ಅಥವಾ ಅಳಿಯನ ಸುಪರ್ದಿಗೆ ಬಿಟ್ಟು ಹೋಗುವ ಹಾಗಿಲ್ಲ, ಮತ್ತೆ ಠೇವಣಿಯೇ.

ಇಷ್ಟೆಲ್ಲ ಓದಿದ ಮೇಲೆ, ನಿಜವಾಗಿ ಆ ಕೋವಿ ಅಲ್ಲಿ ಬೇಕೇ ಎಂದು ಒಮ್ಮೆ ಮನೆಯವರೆಲ್ಲ ಕೂತು ಮಾತಾಡಿ. ಬೇಡ ಎಂದರೆ ನಾಚಿಕೆ ಪಡುವಂಥದ್ದೇನಿಲ್ಲ. 2016ರ ನಿಯಮದಲ್ಲಿ ನಿಮ್ಮಂಥವರಿಗೆ ಒಂದು ಒಳ್ಳೆಯ ದಾರಿ ಇದೆ. ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಅಥವಾ ಕೋವಿ 25 ವರ್ಷ ಅವರ ಹತ್ತಿರ ಇದ್ದರೆ, ಯಾವುದು ಮೊದಲೋ ಆಗ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೇಳಬಹುದು. ನಿಮಗೆ 70 ಆಗಿಲ್ಲ, ಆದರೆ 1994ರಿಂದ ಲೆಕ್ಕ ಹಾಕಿದರೆ 25 ಎಂದೋ ದಾಟಿದೆ. ಮಗಳಿಗೆ ಆಸಕ್ತಿ ಇದ್ದು, ಆಕೆಗೆ ಎರಡು ಬಂದೂಕಿನ ಮಿತಿ ದಾಟದಿದ್ದರೆ, ಆಕೆಯೇ ಪಿಂಪ್ರಿ-ಚಿಂಚ್‌ವಾಡ್‌ನಲ್ಲಿ ಅರ್ಜಿ ಹಾಕಲಿ. ಪೊಲೀಸ್ ವಿಚಾರಣೆ, ತರಬೇತಿ ಎಲ್ಲ ಆಕೆಗೂ ಇದ್ದೇ ಇರುತ್ತದೆ. ನೀವು ಇನ್ನು ಹತ್ತು ವರ್ಷ ಎರಡು ರಾಜ್ಯದ ಕಚೇರಿಗಳ ಬೆನ್ನು ಹತ್ತುವುದಕ್ಕಿಂತ ಅದು ನೆಮ್ಮದಿ. ನಿಮ್ಮ ಕಾಲಾನಂತರ ‘ಅಪ್ಪನ ಕೋವಿ ಏನು ಮಾಡೋದು’ ಎಂದು ಮಕ್ಕಳು ಗಾಬರಿಯಿಂದ ಠಾಣೆಗೆ ಓಡುವುದೂ ತಪ್ಪುತ್ತದೆ. ಅಂಥ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ.

ಯಾವ ದಾರಿ ಹಿಡಿದರೂ ಮೊದಲ ಕೆಲಸ ನವೀಕರಣ. ಅವಧಿ ಮುಗಿಯುವ 60 ದಿನ ಮುಂಚೆಯೇ ಅರ್ಜಿ ಹೋಗಿರಬೇಕು. ನಿಮಗೆ ನಾಲ್ಕು ತಿಂಗಳಿದೆ ಅಂದರೆ ಕೈಯಲ್ಲಿರುವುದು ಎರಡೇ ತಿಂಗಳು. ಅವಧಿ ಮುಗಿದ ಲೈಸೆನ್ಸನ್ನು ಯಾರೂ ವರ್ಗಾವಣೆ ಮಾಡಿಕೊಳ್ಳುವುದಿಲ್ಲ. ಈಗ ನವೀಕರಣ ಆದರೆ 5 ವರ್ಷಕ್ಕೆ ಸಿಗುತ್ತದೆ, ಮೊದಲಿನ ಹಾಗೆ ಮೂರಲ್ಲ. ಆ ಅರ್ಜಿಯನ್ನು ತೀರ್ಥಹಳ್ಳಿಯ ವಿಳಾಸದಲ್ಲೇ, ನಿಮ್ಮನ್ನು ಬಲ್ಲ ಠಾಣೆಯ ವರದಿಯ ಮೇಲೆ ಮುಗಿಸಿಕೊಳ್ಳಿ. ಹೋಗುವಾಗ ಕೋವಿಯ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಗುಮಾಸ್ತರು ಹೊಸ ಪುಟ ಬರೆದ ಕೂಡಲೇ ಅಲ್ಲೇ ನಿಂತು ತಾಳೆ ನೋಡಿ.